"ಗ್ಯಾಸ್ ಇರಬೇಕು" ಎನ್ನುವ ಮೊದಲು: ಹೃದಯಾಘಾತ ಪತ್ತೆಯ ನೂರು ವರ್ಷದ ಕತೆ

ಕಾಪುವಿನ ಕಡಲ ಬದಿಯ ಮನೆಯಿರಲಿ, ಕಾರ್ಕಳದ ಆಚೆ ಮಾಳ, ಕೆರ್ವಾಶೆ ಕಡೆಯ ತೋಟದ ಮನೆಯಿರಲಿ, ರಾತ್ರಿ ಊಟವಾದ ಮೇಲೆ ಮನೆಯ ಹಿರಿಯರಿಗೆ ಎದೆ ಒತ್ತಿದ ಹಾಗೆ ಆಯಿತೆಂದರೆ ಮೊದಲು ಬರುವ ಮಾತು ಒಂದೇ: "ಗ್ಯಾಸ್ ಇರಬೇಕು." ಜೀರಿಗೆ ಕಷಾಯ ಕುದಿಯುತ್ತದೆ. ಅಂಗಡಿಯಿಂದ ಸೋಡಾ ಬರುತ್ತದೆ. ಬೆನ್ನಿಗೆ ಬಾಮ್ ತಿಕ್ಕುತ್ತಾರೆ. "ಬೆಳಿಗ್ಗೆ ನೋಡುವ" ಎಂದು ಮಲಗಿಸುತ್ತಾರೆ.

ಎಷ್ಟೋ ಸಲ ಅದು ನಿಜವಾಗಿಯೂ ಗ್ಯಾಸೇ ಆಗಿರುತ್ತದೆ. ಹಾಗಾಗಿಯೇ ಈ ಮಾತನ್ನು ಎಲ್ಲರೂ ನಂಬುತ್ತಾರೆ. ಆದರೆ ಅದು ಗ್ಯಾಸ್ ಅಲ್ಲದ ದಿನ, ಬೆಳಗಾಗುವಷ್ಟರಲ್ಲಿ ಹೃದಯದ ಒಂದು ಭಾಗ ಸತ್ತಿರುತ್ತದೆ, ಇಲ್ಲವೇ ಮನುಷ್ಯನೇ ಹೋಗಿರುತ್ತಾನೆ.

ಈ ಎರಡು ನೋವುಗಳನ್ನು ಬೇರೆ ಮಾಡಿ ಗುರುತಿಸುವುದನ್ನು ವೈದ್ಯಶಾಸ್ತ್ರ ಹೇಗೆ ಕಲಿಯಿತು? ಕಲಿತದ್ದು ನಮ್ಮ ಹಳ್ಳಿಯ ತನಕ ಬರಲು ಯಾಕೆ ಇಷ್ಟು ತಡವಾಯಿತು? ಈ ಬರಹದಲ್ಲಿ ನಾವು ಹೇಳಹೊರಟದ್ದು ಅದನ್ನೇ. ನೆದರ್ಲೆಂಡ್ಸ್, ಇಟಲಿ ಎಂದು ದೂರದ ಊರುಗಳು ಬರುತ್ತವೆ. ಬೆಂಗಳೂರು, ಮಂಗಳೂರು, ಮಣಿಪಾಲವೂ ಬರುತ್ತವೆ. ಆದರೆ ಎಲ್ಲ ಸೇರಿ ಕೊನೆಗೆ ನಿಲ್ಲುವುದು ಒಂದೇ ಲೆಕ್ಕದಲ್ಲಿ: ನೋವು ಶುರುವಾದ ಹೊತ್ತಿನಿಂದ ಚಿಕಿತ್ಸೆ ಸಿಗುವವರೆಗೆ ಎಷ್ಟು ಗಂಟೆ ಹೋಯಿತು?

ಉಪ್ಪುನೀರಿನ ಬಾಲ್ದಿ, ಟೆಲಿಫೋನ್ ತಂತಿ

1816ರ ತನಕ ಡಾಕ್ಟರು ಎದೆಯ ಸದ್ದು ಕೇಳಬೇಕಾದರೆ ರೋಗಿಯ ಎದೆಗೆ ಕಿವಿ ಇಡಬೇಕಿತ್ತು. ಆ ವರ್ಷ ಪ್ಯಾರಿಸಿನ ರೆನೆ ಲೆನೆಕ್ ಎಂಬ ವೈದ್ಯರು ಕಾಗದವನ್ನು ಕೊಳವೆಯ ಹಾಗೆ ಸುತ್ತಿ ಒಂದು ತುದಿಯನ್ನು ರೋಗಿಯ ಎದೆಗೆ, ಇನ್ನೊಂದನ್ನು ತಮ್ಮ ಕಿವಿಗೆ ಇಟ್ಟು ಕೇಳಿದರು. ಸ್ಟೆತಾಸ್ಕೋಪ್ ಹುಟ್ಟಿದ್ದು ಹೀಗೆ. ಹೃದಯದ ಕವಾಟ ಕೆಟ್ಟಿದ್ದರೆ, ಶ್ವಾಸಕೋಶದಲ್ಲಿ ನೀರು ತುಂಬಿದ್ದರೆ ಅದರಲ್ಲಿ ಕೇಳಿಸುತ್ತದೆ. ಆದರೆ ಹೃದಯಕ್ಕೆ ರಕ್ತ ಕೊಡುವ ನಾಳ ಕಟ್ಟಿಕೊಂಡರೆ ಸದ್ದೇ ಬರುವುದಿಲ್ಲ. ಸ್ಟೆತಾಸ್ಕೋಪ್ ಇಟ್ಟು ನೋಡಿ "ಎದೆ ಚೆನ್ನಾಗಿದೆ" ಎಂದು ಹೇಳಿ ಕಳಿಸಿದವರಿಗೂ ಹೃದಯಾಘಾತ ಆಗಿರಬಹುದು. ಈ ಮಾತು ಇಂದಿಗೂ ಸತ್ಯ.

ಹೃದಯ ಬಡಿಯುವುದು ತನ್ನದೇ ಸಣ್ಣ ವಿದ್ಯುತ್ತಿನಿಂದ. ಆ ವಿದ್ಯುತ್ತನ್ನು ಚರ್ಮದ ಮೇಲಿನಿಂದಲೇ ಹಿಡಿದು ಗೆರೆಯಾಗಿ ಸ್ಪಷ್ಟವಾಗಿ ಬರೆಸಿದವರು ನೆದರ್ಲೆಂಡ್ಸ್‌ನ ಲೈಡನ್ ನಗರದ ವಿಲ್ಲೆಮ್ ಐಂತೋವನ್. ಕಾಲ, 1900ರ ಆಸುಪಾಸು. ಅವರ ಯಂತ್ರ ಸುಮಾರು 270 ಕಿಲೋ ತೂಗುತ್ತಿತ್ತು. ನಡೆಸಲು ಐದು ಜನ ಬೇಕಿತ್ತು. ರೋಗಿ ಎರಡು ಕೈ ಮತ್ತು ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಟ್ಟು ಕೂರಬೇಕಿತ್ತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಬಾಲ್ದಿಯಲ್ಲಿ ಕೈಕಾಲು ಅದ್ದಿ ಕೂತ ಹಾಗೆ.

ಈ ಯಂತ್ರವನ್ನು ರೋಗಿಯ ಹತ್ತಿರ ಒಯ್ಯುವಂತಿರಲಿಲ್ಲ. ಕಾಯಿಲೆಯವರನ್ನು ಪ್ರಯೋಗಾಲಯಕ್ಕೆ ತರುವುದೂ ಸುಲಭವಿರಲಿಲ್ಲ. ಅದಕ್ಕೆ ಐಂತೋವನ್ 1905ರಲ್ಲಿ ಒಂದು ಉಪಾಯ ಮಾಡಿದರು. ಸುಮಾರು ಒಂದೂವರೆ ಕಿಲೋಮೀಟರ್ ಆಚೆಯ ಆಸ್ಪತ್ರೆಯಿಂದ ಪ್ರಯೋಗಾಲಯದವರೆಗೆ ಟೆಲಿಫೋನ್ ತಂತಿಯ ಮೂಲಕ ಹೃದಯದ ವಿದ್ಯುತ್ತನ್ನು ತರಿಸಿಕೊಂಡರು. ರೋಗಿ ಅಲ್ಲಿ, ಗೆರೆ ಇಲ್ಲಿ. ದೂರದಲ್ಲಿರುವ ರೋಗಿಯ ಈಸಿಜಿಯನ್ನು ತಜ್ಞರು ತಾವಿದ್ದಲ್ಲೇ ನೋಡುವ ಕೆಲಸ ಶುರುವಾದದ್ದು ಹೀಗೆ, ನೂರಿಪ್ಪತ್ತು ವರ್ಷಗಳ ಹಿಂದೆ. ಐಂತೋವನ್ ಅವರಿಗೆ 1924ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

"ಅಲ್ಲಾಡಬೇಡಿ" ಎಂಬ ಚಿಕಿತ್ಸೆ

ಹೃದಯದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ ಮನುಷ್ಯ ಆ ಕ್ಷಣಕ್ಕೇ ಸಾಯುತ್ತಾನೆ ಎಂದು ವೈದ್ಯರು ಬಹುಕಾಲ ನಂಬಿದ್ದರು. 1912ರಲ್ಲಿ ಅಮೆರಿಕದ ಶಿಕಾಗೋದ ಜೇಮ್ಸ್ ಹೆರಿಕ್ ಇದು ತಪ್ಪು ಎಂದು ಬರೆದರು. ಕೆಲವರು ಗಂಟೆಗಟ್ಟಲೆ, ದಿನಗಟ್ಟಲೆ ಬದುಕುತ್ತಾರೆ, ಕೆಲವರು ಉಳಿದೇ ಬಿಡುತ್ತಾರೆ ಎಂದರು. ಮೊದಮೊದಲು ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಕೆಲವು ವರ್ಷಗಳ ಮೇಲೆ ಈಸಿಜಿಯ ಗೆರೆಗಳು ಹೆರಿಕ್ ಮಾತಿಗೆ ಸಾಕ್ಷಿಯಾದವು.

ಕಾಯಿಲೆ ಗೊತ್ತಾಯಿತು, ಮದ್ದು ಇರಲಿಲ್ಲ. ರೋಗಿಯನ್ನು ವಾರಗಟ್ಟಲೆ ಹಾಸಿಗೆಯಲ್ಲಿ ಅಲ್ಲಾಡದಂತೆ ಮಲಗಿಸುವುದೇ ಚಿಕಿತ್ಸೆಯಾಗಿತ್ತು. 1952ರಲ್ಲಿ ಬೋಸ್ಟನ್ನಿನ ಸ್ಯಾಮ್ಯುವೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಎಂಬ ವೈದ್ಯರು ರೋಗಿಗಳನ್ನು ಬೇಗನೆ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿ ನೋಡಿದಾಗ ತೊಂದರೆಯಾಗುವ ಬದಲು ಒಳ್ಳೆಯದೇ ಆಯಿತು. 1960ರ ದಶಕದಲ್ಲಿ ಹೃದಯ ರೋಗಿಗಳಿಗೇ ಬೇರೆ ವಾರ್ಡು, ಅಲ್ಲಿ ಸದಾ ನಿಗಾ, ಬಡಿತ ತಪ್ಪಿದರೆ ಕೂಡಲೇ ಶಾಕ್ ಕೊಡುವ ಯಂತ್ರ ಬಂದವು. ಸಾವು ಸಾಕಷ್ಟು ಇಳಿಯಿತು. ಆದರೆ ಅದು ಆಸ್ಪತ್ರೆಯ ಒಳಗೆ ತಲುಪಿದವರ ಮಾತು.

ಅದೇ ಹೊತ್ತಿಗೆ ಉಡುಪಿಯಲ್ಲಿ

ಐಂತೋವನ್ ನೊಬೆಲ್ ಪಡೆದ ವರ್ಷ ಉಡುಪಿಯ ಮಿಷನ್ ಆಸ್ಪತ್ರೆಗೆ ಒಂದೇ ವರ್ಷ ವಯಸ್ಸು. ಸ್ವಿಟ್ಜರ್ಲೆಂಡಿನಿಂದ ಬಂದ ಡಾ. ಇವಾ ಲೊಂಬಾರ್ಡ್ 1923ರಲ್ಲಿ ಅದನ್ನು ಶುರುಮಾಡಿದ್ದರು. ಆಗಿನ ಆಸ್ಪತ್ರೆಗಳ ಮುಂದಿದ್ದ ದೊಡ್ಡ ಹೋರಾಟ ಹೆರಿಗೆಯಲ್ಲಿ ತಾಯಿ ಮಗು ಉಳಿಸುವುದು, ಜ್ವರ, ಭೇದಿ, ಕ್ಷಯ. ಎದೆನೋವಿನಿಂದ ಹೋದವರನ್ನು "ಆಯುಷ್ಯ ಮುಗಿದಿತ್ತು" ಎಂದು ಊರು ಒಪ್ಪಿಕೊಳ್ಳುತ್ತಿತ್ತು.

ಮದರಾಸಿನಲ್ಲಿ ವೈದ್ಯ ಪದವಿ ಪಡೆದು ಉಡುಪಿಗೆ ಮರಳಿದ ಡಾ. ಟಿ.ಎಂ.ಎ. ಪೈ ಅವರು 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದರು. 1953ರಲ್ಲಿ ಮಣಿಪಾಲದ ಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುಮಾಡಿದರು. ದೇಶದಲ್ಲಿ ಖಾಸಗಿಯವರು ಕಟ್ಟಿದ ಮೊದಲ ಮೆಡಿಕಲ್ ಕಾಲೇಜುಗಳಲ್ಲಿ ಅದೂ ಒಂದು. ರೋಗಿಗಳ ಹಾಸಿಗೆಯ ಪಕ್ಕದಲ್ಲಿ ನಿಂತು ಕಲಿಯಬೇಕಾದ ಪಾಠಗಳಿಗೆ ಆರಂಭದಲ್ಲಿ ವಿದ್ಯಾರ್ಥಿಗಳು ಮಂಗಳೂರಿನ ವೆನ್ಲಾಕ್ ಸರ್ಕಾರಿ ಆಸ್ಪತ್ರೆಗೆ ಹೋಗುತ್ತಿದ್ದರು. ಮುಂದೆ ಮಣಿಪಾಲದಲ್ಲೇ ದೊಡ್ಡ ಆಸ್ಪತ್ರೆ ಬೆಳೆಯಿತು.

ಹೀಗಾಗಿ ನಮ್ಮ ಜಿಲ್ಲೆಗೆ ಒಂದು ವಿಚಿತ್ರ ಸ್ಥಿತಿ ಬಂತು. ರಾಜ್ಯದ ಎಷ್ಟೋ ಜಿಲ್ಲೆಗಳಿಗೆ ಇಲ್ಲದ ದೊಡ್ಡ ಆಸ್ಪತ್ರೆ ನಮ್ಮ ಪಕ್ಕದಲ್ಲೇ ಇದೆ. ಕಾಪುವಿನಿಂದ ಉಡುಪಿಗೆ ಹದಿಮೂರು ಕಿಲೋಮೀಟರ್ ಆಸುಪಾಸು, ಕಾರ್ಕಳದಿಂದ ಮಣಿಪಾಲಕ್ಕೆ ಮೂವತ್ತೈದರ ಆಸುಪಾಸು. ಆದರೂ ಎದೆನೋವು ಬಂದವರು ಅಲ್ಲಿಗೆ ತಡವಾಗಿ ತಲುಪುವುದು ಯಾಕೆ? ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು, ಬೇಗ ಬಂದರೆ ಏನು ಲಾಭ ಎಂದು ಸಂಶೋಧನೆ ತೋರಿಸಿದ್ದನ್ನು ನೋಡಬೇಕು.

ಹೆಪ್ಪು ಕರಗಿಸುವ ಮದ್ದು, ಗಡಿಯಾರದ ಮುಳ್ಳು

1980ರಲ್ಲಿ ಅಮೆರಿಕದ ಮಾರ್ಕಸ್ ಡಿವುಡ್ ಮತ್ತು ಸಂಗಡಿಗರು ಹೃದಯಾಘಾತ ಆಗುತ್ತಿರುವಾಗಲೇ 322 ರೋಗಿಗಳ ಆಂಜಿಯೋಗ್ರಾಂ ಮಾಡಿ ನೋಡಿದರು. ನೋವು ಶುರುವಾಗಿ ನಾಲ್ಕು ಗಂಟೆಯೊಳಗೆ ಪರೀಕ್ಷಿಸಿದವರಲ್ಲಿ ನೂರಕ್ಕೆ 87 ಮಂದಿಯ ನಾಳ ಪೂರ್ತಿ ಮುಚ್ಚಿತ್ತು. ಹೆಪ್ಪುಗಟ್ಟಿದ ರಕ್ತವೇ ಅಪರಾಧಿ ಎನ್ನುವುದು ಖಚಿತವಾಯಿತು. ಹಾಗಾದರೆ ಹೆಪ್ಪನ್ನು ಕರಗಿಸಿದರೆ?

ಅದಕ್ಕೆ ಬೇಕಾದ ಸ್ಟ್ರೆಪ್ಟೋಕೈನೇಸ್ ಎಂಬ ಮದ್ದಿನ ಮೂಲ 1933ರಲ್ಲೇ ಒಂದು ಜಾತಿಯ ಬ್ಯಾಕ್ಟೀರಿಯಾದಲ್ಲಿ ಸಿಕ್ಕಿತ್ತು. ಅದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷೆ ಮಾಡಿದ್ದು ಇಟಲಿಯವರು. 176 ಆಸ್ಪತ್ರೆ ಘಟಕಗಳು, ಸುಮಾರು 11,800 ರೋಗಿಗಳು. ಯಾರಿಗೆ ಇಂಜೆಕ್ಷನ್, ಯಾರಿಗೆ ಇಲ್ಲ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. ಡಾಕ್ಟರ ಇಷ್ಟದಂತೆ ಕೊಟ್ಟರೆ ಗಟ್ಟಿ ಇರುವವರಿಗೇ ಮದ್ದು ಹೋಗಿ, ಮದ್ದಿನಿಂದ ಗುಣವಾಯಿತೋ ತಾನಾಗಿ ಗುಣವಾಯಿತೋ ಎಂದು ಗೊತ್ತಾಗುವುದಿಲ್ಲ. ಆದ್ದರಿಂದ ಈ ಚೀಟಿ ಪದ್ಧತಿ.

1986ರಲ್ಲಿ ಫಲಿತಾಂಶ ಬಂತು. ನೋವು ಶುರುವಾಗಿ ಒಂದು ಗಂಟೆಯೊಳಗೆ ಇಂಜೆಕ್ಷನ್ ಸಿಕ್ಕವರಲ್ಲಿ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಮೂರು ಗಂಟೆಯೊಳಗೆ ಬಂದವರನ್ನೆಲ್ಲ ಸೇರಿಸಿ ನೋಡಿದರೆ ನೂರಕ್ಕೆ 23ರಷ್ಟು ಇಳಿಕೆ. ಮೂರರಿಂದ ಆರು ಗಂಟೆಯೊಳಗೆ ಬಂದವರಲ್ಲಿ 17ರಷ್ಟು. ಆರು ಗಂಟೆ ದಾಟಿ ಬಂದವರಿಗೆ ಆ ಅಧ್ಯಯನದಲ್ಲಿ ಲಾಭ ಕಾಣಲಿಲ್ಲ. ಮುಂದಿನ ಅಧ್ಯಯನಗಳು ಹನ್ನೆರಡು ಗಂಟೆಯವರೆಗೂ ಸ್ವಲ್ಪ ಲಾಭ ಇದೆ ಎಂದು ತೋರಿಸಿದವು. ಆದರೆ ತಡವಾದಷ್ಟೂ ಲಾಭ ಕಡಿಮೆ ಎನ್ನುವುದು ಎಲ್ಲ ಅಧ್ಯಯನಗಳಲ್ಲೂ ಕಂಡಿತು.

1988ರಲ್ಲಿ ಆಕ್ಸ್‌ಫರ್ಡಿನವರು ಮುನ್ನಡೆಸಿದ ಇನ್ನೂ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. 417 ಆಸ್ಪತ್ರೆ, 17,187 ರೋಗಿಗಳು. ಅಲ್ಲಿ ಸ್ಟ್ರೆಪ್ಟೋಕೈನೇಸ್ ಜೊತೆಗೆ ತಲೆನೋವಿಗೆ ನುಂಗುವ ಹಳೆಯ ಆಸ್ಪಿರಿನ್ ಮಾತ್ರೆಯನ್ನೂ ಪರೀಕ್ಷಿಸಿದರು. ಎರಡೂ ಸಿಗದವರಲ್ಲಿ ಐದು ವಾರದೊಳಗೆ ನೂರಕ್ಕೆ 13 ಮಂದಿ ಹೋದರು. ಎರಡೂ ಸಿಕ್ಕವರಲ್ಲಿ 8 ಮಂದಿ. ನೂರು ಮನೆಗಳಲ್ಲಿ ಐದು ಮನೆಯ ದೀಪ ಉಳಿಯಿತು. ಅದರಲ್ಲಿ ಆಸ್ಪಿರಿನ್ ಪಾಲಿನ ಖರ್ಚು ಕೆಲವೇ ಕಾಸು.

ಅಂದರೆ 1988ರಲ್ಲೇ ಜಗತ್ತಿಗೆ ಗೊತ್ತಿತ್ತು: ಹೃದಯಾಘಾತಕ್ಕೆ ಅಗ್ಗದ ಮದ್ದು ಇದೆ, ಆದರೆ ಅದು ಕೆಲಸ ಮಾಡುವುದು ಗಡಿಯಾರ ನೋಡಿಕೊಂಡು.

ಬೆಂಗಳೂರಿನ ಲೆಕ್ಕ: ಬೀಡಿ ಮತ್ತು 360 ನಿಮಿಷ

ಇವೆಲ್ಲ ಬಿಳಿಯರ ದೇಶದ ಲೆಕ್ಕ, ನಮಗೆ ಹೊಂದುತ್ತದೆಯೇ ಎಂದು ಕೇಳುವುದು ನ್ಯಾಯವೇ. ಅದನ್ನು ಅಳೆದು ನೋಡಿದವರು ನಮ್ಮದೇ ರಾಜ್ಯದಲ್ಲಿದ್ದಾರೆ.

ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಡಾ. ಪ್ರೇಮ್ ಪೈಸ್ ಮತ್ತು ಸಂಗಡಿಗರು ಮೊದಲ ಬಾರಿ ಹೃದಯಾಘಾತವಾದ 200 ಮಂದಿಯನ್ನು, ಅದೇ ವಯಸ್ಸಿನ ಹೃದಯಾಘಾತವಾಗದ 200 ಮಂದಿಯೊಂದಿಗೆ ಹೋಲಿಸಿ ನೋಡಿದರು. 1996ರಲ್ಲಿ ಅದು ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಎಲ್ಲಕ್ಕಿಂತ ದೊಡ್ಡ ಕಾರಣವಾಗಿ ಕಂಡದ್ದು ಸಿಗರೇಟು, ಬೀಡಿ. ದಿನಕ್ಕೆ ಹತ್ತು ಅಥವಾ ಹೆಚ್ಚು ಸೇದುವವರಿಗೆ ಅಪಾಯ ಆರು ಪಟ್ಟಿಗೂ ಮಿಕ್ಕಿ ಇತ್ತು. ಜೊತೆಗೆ ಸಕ್ಕರೆ ಕಾಯಿಲೆ, ಬಿ.ಪಿ., ಹೊಟ್ಟೆಯ ಬೊಜ್ಜು.

"ಬೀಡಿಗೆ ಏನೂ ಆಗುವುದಿಲ್ಲ, ಸಿಗರೇಟಿನಷ್ಟು ಕೆಟ್ಟದ್ದಲ್ಲ" ಎನ್ನುವ ಮಾತು ನಮ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ ಇಂದೂ ಕೇಳುತ್ತದೆ. ಕಾರ್ಕಳ, ಕಾಪು ಸುತ್ತಿನ ಎಷ್ಟೋ ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದ್ದಾರೆ. ಆ ದುಡಿಮೆಗೆ ನಾವು ಸಣ್ಣ ಮಾತು ಆಡುವುದಿಲ್ಲ. ಆದರೆ ಸೇದುವವರ ಎದೆಯೊಳಗೆ ಬೀಡಿಗೂ ಸಿಗರೇಟಿಗೂ ರಿಯಾಯಿತಿ ಇಲ್ಲ ಎನ್ನುವುದನ್ನು ಬೆಂಗಳೂರಿನ ಲೆಕ್ಕ ಹೇಳುತ್ತದೆ.

ಅದೇ ಸೇಂಟ್ ಜಾನ್ಸ್‌ನಲ್ಲಿ ಓದಿ ಆಕ್ಸ್‌ಫರ್ಡಿಗೆ, ಮುಂದೆ ಕೆನಡಾಕ್ಕೆ ಹೋದ ಕೇರಳ ಮೂಲದ ಡಾ. ಸಲೀಂ ಯೂಸುಫ್ 52 ದೇಶಗಳ ಸುಮಾರು 30,000 ಜನರ ಅಧ್ಯಯನ ನಡೆಸಿದರು. 2004ರಲ್ಲಿ ಬಂದ ಫಲಿತಾಂಶವೂ ಅದನ್ನೇ ಹೇಳಿತು. ಹೊಗೆ, ಬಿ.ಪಿ., ಸಕ್ಕರೆ, ಕೊಬ್ಬು, ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿ ತಿನ್ನದಿರುವುದು, ಮೈ ಬಗ್ಗಿಸದಿರುವುದು ಇಂಥ ಒಂಬತ್ತು ಕಾರಣಗಳೇ ಹೃದಯಾಘಾತದ ಬಹುಪಾಲು ಅಪಾಯವನ್ನು ವಿವರಿಸುತ್ತವೆ. ಅದೇ ಅಧ್ಯಯನದ ಇನ್ನೊಂದು ಲೆಕ್ಕ ಹೆದರಿಸುವಂಥದ್ದು: ಮೊದಲ ಹೃದಯಾಘಾತ ಬೇರೆ ದೇಶದವರಿಗೆ ಸುಮಾರು 59ನೇ ವಯಸ್ಸಿಗೆ ಬಂದರೆ, ಭಾರತ ಮತ್ತು ನೆರೆಯ ದೇಶದವರಿಗೆ ಸುಮಾರು 53ಕ್ಕೇ ಬರುತ್ತಿತ್ತು. ಮಗಳ ಮದುವೆಯ ಸಾಲ ತೀರಿರುವುದಿಲ್ಲ, ಮಗನಿಗೆ ಇನ್ನೂ ಕೆಲಸ ಸಿಕ್ಕಿರುವುದಿಲ್ಲ, ಆ ವಯಸ್ಸಿಗೆ.

2008ರಲ್ಲಿ ಸೇಂಟ್ ಜಾನ್ಸ್‌ನ ಡಾ. ಡೆನಿಸ್ ಕ್ಸೇವಿಯರ್ ಮತ್ತು ಸಂಗಡಿಗರು ಇನ್ನೊಂದು ದೊಡ್ಡ ಲೆಕ್ಕ ಮುಂದಿಟ್ಟರು. ದೇಶದ 50 ನಗರಗಳ 89 ಆಸ್ಪತ್ರೆಗಳಿಗೆ ಬಂದ 20,468 ಹೃದಯ ರೋಗಿಗಳ ದಾಖಲೆ. ಇದರಲ್ಲಿ ಹೊಸ ಮದ್ದು ಏನೂ ಇಲ್ಲ. ಯಾರು ಬಂದರು, ಯಾವಾಗ ಬಂದರು, ಏನು ಸಿಕ್ಕಿತು, ಏನಾಯಿತು ಎಂದು ಬರೆದಿಟ್ಟದ್ದು ಅಷ್ಟೇ.

ನೋವು ಶುರುವಾದ ಹೊತ್ತಿನಿಂದ ಆಸ್ಪತ್ರೆ ತಲುಪಲು ಹಿಡಿದ ಸಮಯದ ನಡುವಿನ ಲೆಕ್ಕ 360 ನಿಮಿಷ. ಅಂದರೆ ಅರ್ಧದಷ್ಟು ಮಂದಿ ಆಸ್ಪತ್ರೆಯ ಗೇಟು ಮುಟ್ಟುವಾಗಲೇ ಆರು ಗಂಟೆ ಕಳೆದಿತ್ತು. ಇಟಲಿಯವರ ಅಧ್ಯಯನದಲ್ಲಿ ಲಾಭ ನಿಂತುಹೋದ ಆ ಆರು ಗಂಟೆ. ಆಸ್ಪತ್ರೆಯೊಳಗೆ ಬಂದ ಮೇಲೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಹಿಡಿದ ಸಮಯ 50 ನಿಮಿಷ. ಸಮಯ ಸೋರಿಹೋದದ್ದು ಹೆಚ್ಚಾಗಿ ಗೇಟಿನ ಹೊರಗೆ.

ಇನ್ನೊಂದು ಲೆಕ್ಕವೂ ಅದರಲ್ಲಿದೆ. ಒಂದು ತಿಂಗಳೊಳಗೆ ಬಡವರಲ್ಲಿ ನೂರಕ್ಕೆ 8.2 ಮಂದಿ ಸತ್ತರೆ, ಅನುಕೂಲಸ್ಥರಲ್ಲಿ 5.5. ಸಿಕ್ಕಿದ ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಈ ಅಂತರ ಇಲ್ಲದೇ ಹೋಯಿತು. ಬಡವರ ಹೃದಯ ಬೇರೆ ತರದ್ದಲ್ಲ. ಅವರಿಗೆ ಸಿಕ್ಕ ಮದ್ದು ಕಡಿಮೆ.

ಆ ಆರು ಗಂಟೆ ಎಲ್ಲಿ ಹೋಗುತ್ತದೆ?

ಮೊದಲ ಪಾಲು ಮನೆಯಲ್ಲೇ ಹೋಗುತ್ತದೆ. ಕಷಾಯ, ಸೋಡಾ, "ಬೆಳಿಗ್ಗೆ ನೋಡುವ". ತುಳುವಿನಲ್ಲಿ ತಿಗಲೆ ಬೇನೆ ಎಂದರೆ ಸಿನಿಮಾದ ಹಾಗೆ ಎದೆ ಹಿಡಿದು ಬೀಳಬೇಕು ಎಂದು ನಾವು ತಿಳಿದಿದ್ದೇವೆ. ನಿಜದಲ್ಲಿ ಅದು ಎದೆಯ ಮೇಲೆ ಕಲ್ಲು ಇಟ್ಟ ಹಾಗೆ ಭಾರವಾಗಿ, ಎಡಗೈಗೆ, ದವಡೆಗೆ, ಬೆನ್ನಿಗೆ ಹರಿಯುವ ನೋವಾಗಿ, ತಣ್ಣನೆ ಬೆವರಾಗಿ ಬರಬಹುದು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ, ವಯಸ್ಸಾದವರಲ್ಲಿ ನೋವೇ ಇಲ್ಲದೆ ಬರೀ ಏದುಸಿರು, ವಾಂತಿ, ವಿಪರೀತ ಸುಸ್ತು ಇರಬಹುದು. ಮನೆಯ ಅಮ್ಮ "ನನಗೇನಿಲ್ಲ, ಸ್ವಲ್ಪ ಸುಸ್ತು" ಎಂದು ಪಾತ್ರೆ ತೊಳೆಯಲು ಹೋಗುವುದು ಇಂಥ ಹೊತ್ತಿನಲ್ಲೇ.

ಎರಡನೇ ಪಾಲು ಈಸಿಜಿ ಇಲ್ಲದ ಜಾಗದಲ್ಲಿ ಹೋಗುತ್ತದೆ. ಹತ್ತಿರದ ಕ್ಲಿನಿಕ್ಕಿಗೆ ಹೋದರೆ ಡಾಕ್ಟರ ಕೈಯಲ್ಲಿ ಸ್ಟೆತಾಸ್ಕೋಪ್ ಇದೆ, ಲೆನೆಕ್ ಕಾಲದ ವಿದ್ಯೆ. ಅದರಲ್ಲಿ ಹೆಪ್ಪು ಕೇಳಿಸುವುದಿಲ್ಲ ಎಂದು ಆಗಲೇ ಹೇಳಿದೆವು. ಸಂಶಯ ಬಂದರೆ ದೊಡ್ಡ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಆದರೆ ಹಾಳೆಯಲ್ಲಿ ಗೆರೆ ಕಾಣದೆ ಮನೆಯವರು ಗಾಬರಿಯಾಗುವುದಿಲ್ಲ. "ನಾಳೆ ಹೋಗುವ" ಎನ್ನುತ್ತಾರೆ.

ಮೂರನೇ ಪಾಲು ದಾರಿ. ಘಟ್ಟದ ಬುಡದ ಮನೆಗಳಿಗೆ ಮಳೆಗಾಲದಲ್ಲಿ ರಿಕ್ಷಾ ಬರುವುದೇ ಕಷ್ಟ. ಮಲ್ಪೆಯಿಂದ ಆಳ ಸಮುದ್ರಕ್ಕೆ ಹೋದ ಬೋಟಿನಲ್ಲಿ ಎದೆ ಹಿಡಿದುಕೊಂಡರೆ ದಡವೇ ಗಂಟೆಗಟ್ಟಲೆ ದೂರ. ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಬಂದದ್ದು 2008ರ ನವೆಂಬರ್ 1ರಂದು. ಅದಕ್ಕೆ ಮೊದಲು ಸಿಕ್ಕಿದ ವಾಹನವೇ ಆಂಬುಲೆನ್ಸ್.

ವಾಟ್ಸ್ಯಾಪ್ ಗುಂಪಿನಲ್ಲಿ ಬಂದ ಗೆರೆ

ಇಲ್ಲಿಗೆ ನಮ್ಮ ಕರಾವಳಿಯ ಕತೆ ಬರುತ್ತದೆ. ಮಂಗಳೂರಿನ ಕೆಎಂಸಿ ಆಸ್ಪತ್ರೆಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು 2018ರಲ್ಲಿ ಒಂದು ಕೆಲಸ ಶುರುಮಾಡಿದರು. ಹಳ್ಳಿಯ ಡಾಕ್ಟರನ್ನೂ ಪೇಟೆಯ ಹೃದ್ರೋಗ ತಜ್ಞರನ್ನೂ ಒಂದೇ ವಾಟ್ಸ್ಯಾಪ್ ಗುಂಪಿಗೆ ಸೇರಿಸಿದರು. ಹಳ್ಳಿಯಲ್ಲಿ ಈಸಿಜಿ ತೆಗೆದು ಅದರ ಫೋಟೋ ಗುಂಪಿಗೆ ಹಾಕಿದರೆ, ತಜ್ಞರು ನೋಡಿ ಕೆಲವೇ ನಿಮಿಷದಲ್ಲಿ ಉತ್ತರ ಕೊಡುವ ವ್ಯವಸ್ಥೆ. ಹೆಸರು 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್', ಮನೆಬಾಗಿಲಿಗೆ ಹೃದಯ ವೈದ್ಯ ಎಂದು ಅರ್ಥ.

ಫೋನು ಎಲ್ಲರಲ್ಲಿತ್ತು, ಈಸಿಜಿ ಯಂತ್ರ ಇರಲಿಲ್ಲ. ಆಗ ದಾನಿಗಳ ನೆರವಿನಿಂದ ಹಳ್ಳಿಯ ಕ್ಲಿನಿಕ್ಕುಗಳಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ, ಜನೌಷಧಿ ಕೇಂದ್ರಗಳಿಗೆ ಯಂತ್ರ ಕೊಡಲು ಶುರುಮಾಡಿದರು. ದಕ್ಷಿಣ ಕನ್ನಡ, ಉಡುಪಿಯಿಂದ ಹೊರಟ ಈ ಕೆಲಸ ಮಲೆನಾಡಿನ ಕಡೆಗೂ ಹಬ್ಬಿತು. ಐಂತೋವನ್ ಅವರ 270 ಕಿಲೋ ಯಂತ್ರ ಈಗ ಕೈಚೀಲದಲ್ಲಿ ಹಿಡಿಯುತ್ತದೆ. ಅವರ ಒಂದೂವರೆ ಕಿಲೋಮೀಟರ್ ತಂತಿಯ ಕೆಲಸವನ್ನು ನಮ್ಮ ಕಿಸೆಯ ಫೋನು ಮಾಡುತ್ತದೆ.

ಇದೇ ಯೋಚನೆಯನ್ನು ನೆರೆಯ ತಮಿಳುನಾಡಿನಲ್ಲಿ 2012ರಿಂದ 2014ರವರೆಗೆ ಲೆಕ್ಕ ಇಟ್ಟು ಪರೀಕ್ಷಿಸಿದ್ದರು. ಸೈಕಲ್ ಚಕ್ರ ನೆನಪಿಸಿಕೊಳ್ಳಿ: ನಡುವೆ ದೊಡ್ಡ ಆಸ್ಪತ್ರೆ, ಸುತ್ತ ಕಡ್ಡಿಗಳ ಹಾಗೆ ಸಣ್ಣ ಆಸ್ಪತ್ರೆಗಳು. ಸಣ್ಣ ಆಸ್ಪತ್ರೆಯಲ್ಲೇ ಈಸಿಜಿ, ದೂರದಿಂದ ತಜ್ಞರ ಸಲಹೆ, ಬೇಕಿದ್ದರೆ ಅಲ್ಲೇ ಹೆಪ್ಪು ಕರಗಿಸುವ ಇಂಜೆಕ್ಷನ್, ಆಮೇಲೆ ದೊಡ್ಡ ಆಸ್ಪತ್ರೆಗೆ. 2,420 ರೋಗಿಗಳ ಈ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಒಂದು ವರ್ಷದೊಳಗಿನ ಸಾವು ನೂರಕ್ಕೆ 17.6 ಇದ್ದದ್ದು 14.2ಕ್ಕೆ ಇಳಿದಿತ್ತು.

ನಮ್ಮ ರಾಜ್ಯ ಸರ್ಕಾರವೂ ಅದೇ ಚಕ್ರದ ಮಾದರಿಯಲ್ಲಿ, 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೇ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ 'ಹೃದಯ ಜ್ಯೋತಿ' ಯೋಜನೆ ತಂದಿತು. ಆಯ್ದ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಈಸಿಜಿ ತೆಗೆದು ದೂರದ ತಜ್ಞರಿಂದ ಓದಿಸಿ, ಸಾವಿರಾರು ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸ್ ಎಂಬ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವುದು ಅದರ ಮುಖ್ಯ ಕೆಲಸ. ಸ್ಟ್ರೆಪ್ಟೋಕೈನೇಸನ್ನು ಗಂಟೆಯಷ್ಟು ಹೊತ್ತು ಡ್ರಿಪ್ಪಿನಲ್ಲಿ ಬಿಡಬೇಕು. ಇದನ್ನು ಒಂದೇ ಸಲ ಚುಚ್ಚಿ ಮುಗಿಸಬಹುದು. ಸಣ್ಣ ಆಸ್ಪತ್ರೆಗೆ ಅದೇ ಅನುಕೂಲ.

ಗಾಬರಿಗೂ ಲೆಕ್ಕಕ್ಕೂ ಇರುವ ದೂರ

2025ರ ಮೇ, ಜೂನ್‌ನಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಎಲ್ಲರ ಫೋನಿಗೂ ಬಂದದ್ದು ನಿಮಗೆ ನೆನಪಿರಬಹುದು. ಜನ ಹೆದರಿ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲು ನಿಂತರು. ಸರ್ಕಾರ ತಜ್ಞರ ಸಮಿತಿ ಮಾಡಿತು. ಹಿಂದಿನ ತಿಂಗಳುಗಳ ಜೊತೆ ಹೋಲಿಸಿ ನೋಡಿದ ಸಮಿತಿ, ಅಸಹಜ ಏರಿಕೆ ಇಲ್ಲ, ಬಹುತೇಕರಲ್ಲಿ ಸಕ್ಕರೆ, ಬಿ.ಪಿ., ಹೊಗೆಯಂಥ ಹಳೆಯ ಕಾರಣಗಳೇ ಇವೆ ಎಂದಿತು. ಅಂದರೆ 1996ರ ಬೆಂಗಳೂರಿನ ಪಟ್ಟಿಯೇ ಮತ್ತೆ ಬಂತು.

ಇಂಥ ಲೆಕ್ಕಗಳು ನಮ್ಮ ಕೈಗೆ ಬರುವುದು ಸಾವಿರಾರು ರೋಗಿಗಳು ತಮ್ಮ ವಿವರ ಕೊಟ್ಟಿದ್ದರಿಂದ. ದೊಡ್ಡ ಆಸ್ಪತ್ರೆಯಲ್ಲಿ "ಅಧ್ಯಯನಕ್ಕೆ ಒಪ್ಪಿಗೆ" ಎಂಬ ಕಾಗದ ಮುಂದಿಟ್ಟಾಗ "ನಮ್ಮ ಮೇಲೆ ಪ್ರಯೋಗ ಮಾಡುತ್ತಾರೆ" ಎಂದು ಹೆದರುವವರು ಇದ್ದಾರೆ. ಕೇಳುವ ಹಕ್ಕು ನಿಮಗಿದೆ: ಯಾವ ಅಧ್ಯಯನ, ಏನು ಅಪಾಯ, ಕನ್ನಡದಲ್ಲಿ ಬರೆದ ವಿವರ ಇದೆಯೇ? ಬೇಡ ಎನ್ನಬಹುದು, ನಡುವೆ ಬಿಡಬಹುದು. ಅದರಿಂದ ನಿಮಗೆ ಸಿಗಬೇಕಾದ ಸಾಮಾನ್ಯ ಚಿಕಿತ್ಸೆ ನಿಲ್ಲುವಂತಿಲ್ಲ. ದೇಶದಲ್ಲಿ ನಡೆಯುವ ಇಂಥ ಪರೀಕ್ಷೆಗಳನ್ನು ದಾಖಲಿಸಲು 2007ರಿಂದ ಸರ್ಕಾರಿ ನೋಂದಣಿ ಪಟ್ಟಿಯೂ ಇದೆ.

ಉಳಿದ ಕೆಲಸ ನಮ್ಮದು

ಮದ್ದು ಸಿಕ್ಕಿ ನಲವತ್ತು ವರ್ಷ ಆಗುತ್ತ ಬಂತು. ಯಂತ್ರ ಸಣ್ಣದಾಯಿತು. ತಜ್ಞರು ಫೋನಿನಲ್ಲೇ ಸಿಗುತ್ತಾರೆ. ಇನ್ನು ಉಳಿದಿರುವುದು ಮನೆಯ ಜಗಲಿಯಿಂದ ಈಸಿಜಿ ಯಂತ್ರದವರೆಗಿನ ದಾರಿ. ಅದಕ್ಕೆ ಹೊಸ ಸಂಶೋಧನೆ ಬೇಕಿಲ್ಲ. ಮೊದಲೇ ವಿಚಾರಿಸಿ ಇಟ್ಟುಕೊಂಡಿರಬೇಕು.

ಎದೆ ಒತ್ತುವ ನೋವು, ಬೆವರು, ಏದುಸಿರು ಹದಿನೈದು ನಿಮಿಷದಲ್ಲಿ ಕಡಿಮೆಯಾಗದಿದ್ದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ನೋವಿದ್ದವರು ತಾವೇ ಬೈಕು ಓಡಿಸಿಕೊಂಡು ಹೋಗುವುದು ಬೇಡ. ಆಸ್ಪಿರಿನ್ ಕೊಡಬಹುದೇ ಎಂದು ಡಾಕ್ಟರನ್ನೋ 108ರವರನ್ನೋ ಫೋನಿನಲ್ಲೇ ಕೇಳಿ. ಹೊಟ್ಟೆ ಹುಣ್ಣು, ಅಲರ್ಜಿ, ರಕ್ತಸ್ರಾವ ಇದ್ದವರಿಗೆ ಅದು ತೊಂದರೆ ಮಾಡುತ್ತದೆ. ಪಕ್ಕದ ಮನೆಯವರ ಹೃದಯದ ಮಾತ್ರೆ ಬೇಡ. ಮೊದಲ ಈಸಿಜಿ ಸರಿಯಿದ್ದರೂ ನೋವು ನಿಲ್ಲದಿದ್ದರೆ ಮನೆಗೆ ಹೊರಡಬೇಡಿ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಈಸಿಜಿ, ಟ್ರೋಪೋನಿನ್ ಎಂಬ ರಕ್ತ ಪರೀಕ್ಷೆ ಬೇಕಾಗಬಹುದು.

ಆಸ್ಪತ್ರೆಯಿಂದ ಬಂದ ಮೇಲೆ "ಈಗ ಆರಾಮ ಇದ್ದೇನೆ" ಎಂದು ಮಾತ್ರೆ ಬಿಡುವುದು ಇನ್ನೊಂದು ಅಪಾಯ. ಡಾ. ಕ್ಸೇವಿಯರ್ ತಂಡವೇ 14 ಆಸ್ಪತ್ರೆಗಳ 806 ರೋಗಿಗಳಲ್ಲಿ ಇದನ್ನೂ ನೋಡಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮತ್ತೆ ಮತ್ತೆ ಭೇಟಿಯಾಗಿ ವಿಚಾರಿಸಿದವರು ಮಾತ್ರೆ ತಪ್ಪದೆ ತೆಗೆದುಕೊಂಡದ್ದು ಹೆಚ್ಚು. 2016ರ ಈ ಫಲಿತಾಂಶ ನಮ್ಮ ಆಶಾ ಕಾರ್ಯಕರ್ತೆಯರಿಗೆ ಹೇಳಿ ಮಾಡಿಸಿದ ಹಾಗಿದೆ.

ಕೊನೆಯದಾಗಿ, ಮುಂದಿನ ಗ್ರಾಮಸಭೆಯಲ್ಲಿ ಕೇಳಲು ನಾಲ್ಕು ಪ್ರಶ್ನೆ. ನಮ್ಮ ಆರೋಗ್ಯ ಕೇಂದ್ರದಲ್ಲಿ ಈಸಿಜಿ ಯಂತ್ರ ಇದೆಯೇ? ಇದ್ದರೆ ಕೆಲಸ ಮಾಡುತ್ತಿದೆಯೇ, ಹಾಳೆಯ ರೋಲು ಇದೆಯೇ? ಸಂಜೆ ಐದರ ಮೇಲೆ, ಭಾನುವಾರ ಅದನ್ನು ಯಾರು ತೆಗೆಯುತ್ತಾರೆ? ಹೃದಯ ಜ್ಯೋತಿಯ ಇಂಜೆಕ್ಷನ್ ನಮಗೆ ಅತಿ ಹತ್ತಿರ ಎಲ್ಲಿ ಸಿಗುತ್ತದೆ? ಉತ್ತರ ಸಿಕ್ಕಿದ ಮೇಲೆ ಅದನ್ನು ಊರಿನ ಹಾಲಿನ ಡೈರಿಯ ಗೋಡೆಯ ಮೇಲೆ ಬರೆಸಿ. ನಮಗೂ ಕಳಿಸಿ. ಕಾಪು, ಕಾರ್ಕಳ ತಾಲ್ಲೂಕುಗಳ ಊರೂರಿನ ಪಟ್ಟಿಯನ್ನು ನಾವು ಇಲ್ಲೇ ಹಾಕುತ್ತೇವೆ.